ಹದಿನೇಳನೇ ನಂಬರಿನ ಹಸಿರು ಬಿಲ್ಲೆ

ನಾನು, ಎಲ್ಲರೂ ಬಿಲ್ಲೆಯಣ್ಣ ಎಂದು ಕರೆಯುವವನು, ವಯಸ್ಸು 57 ವರ್ಷ, ಉದ್ಯೋಗ ಬೆಟ್ಟದ ಬುಡದ ಗೇಟಿನಲ್ಲಿ ಚಾರಣಿಗರಿಗೆ ಬಿಲ್ಲೆ ಕೊಡುವುದು, ವಾಸ ಗೇಟಿನ ಹಿಂದಿನ ಕ್ವಾರ್ಟರ್ಸ್, ಎರಡನೇ ಮನೆ. ಯಾರೂ ಕರೆಸದೆ ನಾನಾಗಿಯೇ ಈ ದಿನ ಬೆಳಿಗ್ಗೆ 10-30ಕ್ಕೆ ಠಾಣೆಗೆ ಬಂದು ತಮ್ಮ ಮುಂದೆ ಹೇಳಿ ಬರೆಸುತ್ತಿರುವುದೇನೆಂದರೆ:

ನಾನು ಈ ಗೇಟಿನಲ್ಲಿ 22 ವರ್ಷಗಳಿಂದ ಕೆಲಸ ಮಾಡಿಕೊಂಡಿರುತ್ತೇನೆ. ನಗರದಿಂದ ಬೆಳಿಗ್ಗೆ ಬಂದು ಸಂಜೆಯೊಳಗೆ ಇಳಿದು ಹೋಗುವವರಿಗೆ ಇಲ್ಲಿ ಮೂರು ದಾರಿಗಳಿವೆ. ಕೆರೆ ದಾರಿ 4 ಕಿ.ಮೀ., ಸುಲಭ, ಹಸಿರು ಬಿಲ್ಲೆ. ದಿಣ್ಣೆ ದಾರಿ 9 ಕಿ.ಮೀ., ಮಧ್ಯಮ, ಹಳದಿ ಬಿಲ್ಲೆ. ನೆತ್ತಿ ದಾರಿ ಹೋಗಿ ಬರಲು 14 ಕಿ.ಮೀ., ಕಠಿಣ, ಕೆಂಪು ಬಿಲ್ಲೆ. ಕೆಂಪು ಬಿಲ್ಲೆಯ ದಾರಕ್ಕೆ ಮಾತ್ರ ಒಂದು ಸೀಟಿ ಕಟ್ಟಿರುತ್ತದೆ. ಬಿಲ್ಲೆಗಳು ತಗಡಿನವು. ಹೋಗುವಾಗ ನಾನು ಮೊಳೆಯಿಂದ ತೆಗೆದುಕೊಡುತ್ತೇನೆ, ಬಂದವರು ಅದೇ ಮೊಳೆಗೆ ತಾವೇ ತಗುಲಿಹಾಕುತ್ತಾರೆ. ಸಂಜೆ 4ಕ್ಕೆ ಮೊಳೆ ಖಾಲಿ ಇದ್ದರೆ ಬೆಟ್ಟದಲ್ಲಿ ಯಾರೋ ಉಳಿದಿದ್ದಾರೆ ಎಂದರ್ಥ. ಬಿಲ್ಲೆ ಕೊಡುವ ಮೊದಲು ಯಾವ ದಾರಿ, ಎಷ್ಟು ಅಭ್ಯಾಸ, ಏನಾದರೂ ಕಾಯಿಲೆ ಇದೆಯೇ ಎಂದು ಮೂರು ಪ್ರಶ್ನೆ ಕೇಳಬೇಕೆಂಬ ನಿಯಮವಿದೆ. ದೂರದ ಬೆಟ್ಟ ನುಣ್ಣಗೆ ಎಂದು ಹವಾಯಿ ಚಪ್ಪಲಿಯಲ್ಲಿ ಬಂದು ನೆತ್ತಿ ಕೇಳುವವರಿಗೂ, ಮೇಲೆ ಲಿಫ್ಟ್ ಇದೆಯಾ ಎನ್ನುವವರಿಗೂ ಇದೇ ಮೂರು ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ. ಇದನ್ನೂ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

ಗಾಯಗೊಂಡವಳು ನನ್ನ ಸ್ವಂತ ಅಕ್ಕ, ವಯಸ್ಸು 66 ವರ್ಷ, ನಿವೃತ್ತ ನರ್ಸ್. ತಾಯಿ ತೀರಿಕೊಂಡ ಮೇಲೆ ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು. ನನ್ನನ್ನು ಮೊದಲ ಸಲ ನೆತ್ತಿಗೆ ಕರೆದುಕೊಂಡು ಹೋದವಳೂ ಅವಳೇ. ಪ್ರತಿ ಭಾನುವಾರ ಮೊದಲ ಬಸ್ಸಿಗೆ ಬರುತ್ತಾಳೆ. ಎರಡು ವರ್ಷದ ಹಿಂದೆ ಆಕೆಗೆ ಮಂಡಿ ಆಪರೇಷನ್ ಆಯಿತು. ಅಂದಿನಿಂದ ನಾನು ಆಕೆಗೆ ಒಂದು ಪ್ರಶ್ನೆಯನ್ನೂ ಕೇಳದೆ ಹಸಿರು ಬಿಲ್ಲೆ ನಂಬರ್ 17 ಅನ್ನು ಮೊದಲೇ ತೆಗೆದಿಟ್ಟು ಕೊಡುತ್ತಿದ್ದೆನು.

ಮೊನ್ನೆ ಭಾನುವಾರ ಬೆಳಿಗ್ಗೆ 7-25ಕ್ಕೆ ಅಕ್ಕ ಬಂದಳು. ಆಕೆಯ ಹಿಂದೆ 14 ಜನರ ಸಾಲಿತ್ತು. ಇವತ್ತು ಕೆಂಪು ಕೊಡೋ ಎಂದು ಕೇಳಿ, ಮಡಚಿದ ಒಂದು ಕಾಗದವನ್ನು ಚಾಚಿದಳು. ನಾನು ಅದನ್ನು ಬಿಡಿಸಿ ನೋಡಲಿಲ್ಲ. ಅಕ್ಕಾ, ಮಂಡಿ ರಿಪೇರಿ ಮಾಡಿಸ್ಕೊಂಡು ನೆತ್ತಿ ಹತ್ತೋ ವಯಸ್ಸಾ ಇದು, ಸುಮ್ನೆ ಕೆರೆ ಸುತ್ಕೊಂಡು ಬಾ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆನು. ಸಾಲಿನಲ್ಲಿ ನಾಲ್ಕೈದು ಜನ ನಕ್ಕರು. ನಾನೂ ನಕ್ಕೆನು. ಅಕ್ಕ ನಗಲಿಲ್ಲ. ಆಯ್ತು ಬಿಡಪ್ಪ, ನಿಂದೇ ಸರಿ ಎಂದು ಹೇಳಿ ಹಸಿರು ಬಿಲ್ಲೆ ತೆಗೆದುಕೊಂಡು 7-35ಕ್ಕೆ ಗೇಟು ದಾಟಿದಳು. ದಾರಿಗಳು ಬೇರೆಯಾಗುವ ಜಾಗ ಅಲ್ಲಿಂದ 300 ಮೀಟರ್ ಮೇಲಿದ್ದು, ಗೇಟಿಗೆ ಕಾಣಿಸುವುದಿಲ್ಲ.

ಕೆರೆ ದಾರಿಯವರು ಎರಡು ಗಂಟೆಯಲ್ಲಿ ವಾಪಸ್ ಬರುತ್ತಾರೆ. 10 ಗಂಟೆಗೆ ನಾನು 17ರ ಮೊಳೆಯನ್ನು ನೋಡಬೇಕಿತ್ತು. ನೋಡಲಿಲ್ಲ. ಅಂದು 212 ಜನ ಬಂದಿದ್ದರು ಎಂಬುದು ನಿಜ, ಆದರೆ ಅದು ನೆಪ.

ಸಂಜೆ 4-05ಕ್ಕೆ ನೋಡಿದಾಗ ಆ ಮೊಳೆಯೊಂದೇ ಖಾಲಿ ಇತ್ತು. ಬೆಟ್ಟದಲ್ಲಿ ಫೋನ್ ಸಿಗ್ನಲ್ ಇಲ್ಲ. ತಮ್ಮ ಠಾಣೆಗೆ ತಿಳಿಸಿ, ಕೂಗುತ್ತಾ ಕೆರೆಯನ್ನು ಪೂರ್ತಿ ಸುತ್ತಿದೆನು. 5-10ಕ್ಕೆ ತಾವು ಆರು ಜನರ ರಕ್ಷಣಾ ತಂಡದೊಂದಿಗೆ ಬಂದಿರಿ. ಆಕೆ ಬೇರೆ ದಾರಿ ಹಿಡಿದಿರಬಹುದೇ ಎಂದು ತಾವು ಎರಡು ಸಲ ಕೇಳಿದಿರಿ. ಎರಡು ಸಲವೂ ನಾನು, ಇಲ್ಲ ಸಾರ್, ಹಸಿರು ಅಂದ್ರೆ ಕೆರೆ ದಾರೀನೇ, ನಮ್ಮಕ್ಕ ಗೆರೆ ದಾಟೋಳಲ್ಲ ಎಂದು ಹೇಳಿದೆನು. ನನ್ನ ಮಾತು ನಂಬಿ ತಂಡದವರು ನೀರಿಗಿಳಿದು ಹುಡುಕಿದರು.

5-50ಕ್ಕೆ ಗೇಟಿನ ಫೋನಿಗೆ ಒಂದು ಕರೆ ಬಂತು. ಬೆಳಿಗ್ಗೆ ಅಕ್ಕನ ಹಿಂದಿನ ಸಾಲಿನಲ್ಲಿದ್ದು, ಕೆಂಪು ಬಿಲ್ಲೆ ಪಡೆದು ಹೋಗಿ ಬಂದಿದ್ದ ಒಬ್ಬ ಕ್ಷೌರಿಕರು ತಮ್ಮ ಟೋಪಿ ಅಲ್ಲೇ ಮರೆತಿದೆಯೇ ಎಂದು ವಿಚಾರಿಸಿದರು. ಮಾತು ಮುಗಿಸುವಾಗ, ನಿಮ್ಮಕ್ಕ ಭಾರೀ ಗಟ್ಟಿ ಕಣಣ್ಣ, ನೆತ್ತಿ ಮೇಲೆ ಸಿಕ್ಕಿದ್ರು, ಅಲ್ಲಿಟ್ಟಿರೋ ಪುಸ್ತಕದಲ್ಲಿ ಹತ್ತಿದ ಟೈಮ್ ಬರೀತಾ ಇದ್ರು, ಇಳಿದ್ರಾ ಎಂದು ಕೇಳಿದರು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಹಾಗಾಯಿತು.

ನಾನೂ ತಂಡದೊಂದಿಗೆ ಹತ್ತಿದೆನು. 8-15ಕ್ಕೆ, ನೆತ್ತಿಗೆ 2 ಕಿ.ಮೀ. ಇರುವಾಗ, ದಾರಿಯಿಂದ 20 ಅಡಿ ಕೆಳಗಿನ ಕೊರಕಲಿನಲ್ಲಿ ಅಕ್ಕ ಸಿಕ್ಕಳು. ಇಳಿಯುವವರಲ್ಲಿ ಅವಳೇ ಕೊನೆಯವಳಾಗಿದ್ದು, ಮಧ್ಯಾಹ್ನ 1-30ಕ್ಕೆ ಜಾರಿ ಬಿದ್ದಿದ್ದಳು. ಬಲ ತೊಡೆಯ ಮೂಳೆ ಮುರಿದಿತ್ತು. ಕೂಗಿ ಕೂಗಿ ಗಂಟಲು ಕಟ್ಟಿತ್ತು. ನಮಗೆ ಮೊದಲು ಕೇಳಿಸಿದ್ದು ಕಲ್ಲಿಗೆ ತಗಡು ಬಡಿಯುವ ಶಬ್ದ. ಸೀಟಿ ಇಲ್ಲದ್ದರಿಂದ ಆಕೆ ಬಿಲ್ಲೆಯನ್ನೇ ಆರೂಮುಕ್ಕಾಲು ಗಂಟೆ ಕಲ್ಲಿಗೆ ಬಡಿದಿದ್ದಳು. ಆಕೆಯ ಚೀಲದಲ್ಲಿ ಬೆಳಗಿನ ಆ ಕಾಗದ ಇತ್ತು. ಮಂಡಿ ಪೂರ್ತಿ ಸರಿಹೋಗಿದೆ, ಬೆಟ್ಟ ಹತ್ತಲು ಅಡ್ಡಿಯಿಲ್ಲ ಎಂದು ಡಾಕ್ಟರು ಬರೆದುಕೊಟ್ಟಿದ್ದರು.

ನಿನ್ನೆ ಬೆಳಿಗ್ಗೆ 11ಕ್ಕೆ ನಮ್ಮ ಮೇಲಧಿಕಾರಿಗಳು ಒಂದು ಟೈಪ್ ಮಾಡಿದ ಕಾಗದ ತಂದರು. ಚಾರಣಕ್ಕೆ ಬಂದ ಮಹಿಳೆಯು ಬಿಲ್ಲೆಯ ದಾರಿ ಬಿಟ್ಟು ಬೇರೆ ದಾರಿ ಹಿಡಿದಿದ್ದರಿಂದ ಆಕೆಗೆ ಇನ್ನು ಮುಂದೆ ಶಾಶ್ವತವಾಗಿ ಬೆಟ್ಟಕ್ಕೆ ಪ್ರವೇಶವಿಲ್ಲ ಎಂದು ಅದರಲ್ಲಿತ್ತು. ಸಹಿ ಹಾಕು, ನಿನ್ನ ಕೆಲಸಕ್ಕೆ ತೊಂದ್ರೆ ಬರಲ್ಲ ಎಂದು ಹೇಳಿದರು. ನಾಳೆ ಹಾಕುತ್ತೇನೆಂದು ಹೇಳಿ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋದೆನು. ನನ್ನನ್ನು ನೋಡಿದ ಕೂಡಲೇ ಅಕ್ಕ, ನಾಲ್ಕು ಗಂಟೆ ಐವತ್ತು ನಿಮಿಷದಲ್ಲಿ ಹತ್ತಿದೀನಿ ಕಣೋ, ನಿನ್ನ ಬೋರ್ಡಲ್ಲಿ ಹತ್ತೋಕೆ ಐದು ಗಂಟೆ ಬೇಕು ಅಂತಿದೆ ಎಂದಳು. ಆಮೇಲೆ, ಕಾಲು ಕೂಡಿದ್ಮೇಲೆ ನನ್ನ ಒಳಗೆ ಬಿಡ್ತಾರೇನೋ ಎಂದು ಕೇಳಿದಳು. ಆ ಪ್ರಶ್ನೆಗೆ ಈ ಹೇಳಿಕೆಯೇ ನನ್ನ ಉತ್ತರ.

ಆಕೆ ಕೆಂಪು ಬಿಲ್ಲೆ ಕೇಳಿದ್ದಳು. ನಾನು ಕೇಳಬೇಕಾದ್ದನ್ನು ಕೇಳಲಿಲ್ಲ, ಓದಬೇಕಾದ್ದನ್ನು ಓದಲಿಲ್ಲ. ಗೆರೆ ದಾಟಿದವನು ನಾನು. ಸಹಿ ಹಾಕದ ಆ ಕಾಗದವನ್ನೂ, ಬಿಲ್ಲೆ ನಂಬರ್ 17 ಅನ್ನೂ ಹಾಜರುಪಡಿಸಿದ್ದೇನೆ. ಬಿಲ್ಲೆಯ ಅಂಚು ನೆಗ್ಗಿದೆ. ಎರಡು ಬದಿಯಲ್ಲೂ ಬಣ್ಣ ಎದ್ದುಹೋಗಿ ಬರೀ ತಗಡು ಉಳಿದಿದೆ. ಅದು ಯಾವ ದಾರಿಯ ಬಿಲ್ಲೆ ಎಂದು ಈಗ ಯಾರೂ ಹೇಳಲಾರರು.

ಬರೆದದ್ದನ್ನು ನನಗೆ ಓದಿ ಹೇಳಲಾಯಿತು. ನಾನು ಹೇಳಿದ್ದಕ್ಕೆ ಒಂದು ಮಾತು ಕೂಡಿಲ್ಲ, ಒಂದು ಮಾತು ಕಳೆದಿಲ್ಲ, ಎಲ್ಲವೂ ಸತ್ಯ.

ಸ್ಥಳ: ಠಾಣೆ
ದಿನ: ಮಂಗಳವಾರ, ಮಧ್ಯಾಹ್ನ 12-10

ಸಹಿ
(ಗಾಯಾಳುವಿನ ತಮ್ಮ)