ಅಣ್ಣನ ಟ್ರಿಪೆಲ್, ತಮ್ಮನ ಟ್ರಿಪೆಲ್

...ಹಾಗೆ ನೀರು ಕುಡಿದ ಹಾಗೆ ಗಟಗಟ ಕುಡೀಬೇಡ ಅಕ್ಕ. ಇದು ಟ್ರಿಪೆಲ್, ಬೆಲ್ಜಿಯಂನವರ ಥರದ ಬಿಯರ್. ನೋಡೋಕೆ ಜೇನಿನ ಬಣ್ಣ, ಮೇಲೆ ಬೆಳ್ಳಗೆ ನೊರೆ, ಏನೂ ಅರಿಯದ ಮಗು ಥರ ಕೂತಿರುತ್ತೆ. ಆದ್ರೆ ಮಾಮೂಲಿ ಬಿಯರಿಗಿಂತ ಎರಡರಷ್ಟು ಜೋರು. ಒಂದು ಗ್ಲಾಸ್ ಮುಗಿಸಿದವರು ಕುರ್ಚಿ ಎಲ್ಲಿದೆ ಅಂತ ಕೈಯಲ್ಲಿ ತಡಕಬೇಕು... ಯಾಕೆ ನಗ್ತೀಯ? ಭಾವ ತಡಕಿದ್ದು ನೆನಪಾಯ್ತಾ?

ಸರಿ, ಸಂಜೆ ಗಿರಾಕಿಗಳು ಬರೋದರೊಳಗೆ ಮುಗಿಸೋಣ. ನಿನ್ನ ಹೋಟೆಲಲ್ಲಿ ಒಬ್ಬರ ಬಿಯರ್ ಮಾತ್ರ ಇಡ್ತೀನಿ ಅಂದೆ. ನಂದೋ, ತಮ್ಮಂದೋ. ಇಬ್ಬರದೂ ಒಂದೇ ಕಪಾಟಲ್ಲಿ ಇಟ್ಟರೆ ಬಾಟ್ಲಿಗಳೂ ಜಗಳಕ್ಕೆ ಬೀಳ್ತವೆ ಅಂದೆ. ನಾನೂ ಒಪ್ಪಿದೆ. ಅದಕ್ಕೇ ಮೂರು ಬಾಟ್ಲಿ ತಂದಿದ್ದೀನಿ. ಮೊದಲನೇದು ಬೆಲ್ಜಿಯಂನಿಂದ ಬಂದದ್ದು, ಬರೀ ಅಳತೆಗೆ. ಎರಡನೇದು ನಂದು. ಮೂರನೇದು ನಿನ್ನ ಮುದ್ದಿನ ತಮ್ಮಂದು.

ಮೊದಲನೇದು ಹೇಗಿದೆ? ಲವಂಗ... ಹೂಂ. ಕಿತ್ತಳೆ ಸಿಪ್ಪೆ... ಆಹಾ, ನಿನ್ನ ನಾಲಿಗೆ ಅಂದ್ರೆ ನಾಲಿಗೆ. ಕೊನೇಲಿ ಸಿಹಿ ಉಳಿಯದೆ ಬಾಯಿ ಒಣಗಿದ ಹಾಗಾಗುತ್ತಲ್ಲ, ಅದೇ ಟ್ರಿಪೆಲ್‌ನ ಗುಟ್ಟು. ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದು ಮುಗಿಸಿರಬೇಕು.

ಈಗ ನಂದು. ನಿಧಾನ. ಮೊದಲು ಮೂಸು. ಮಾಗಿದ ಪೇರ್ ಹಣ್ಣು, ಅದರ ಹಿಂದೇನೇ ಒಂಚೂರು ಕಾಳುಮೆಣಸು. ಬಂತಾ? ಬಂದೇ ಬರುತ್ತೆ. ನೊರೆ ನೋಡು, ಕದಲ್ತಾ ಇಲ್ಲ.

ಇನ್ನು ಅವಂದು. ನನಗೇನೂ ಹೊಟ್ಟೆಕಿಚ್ಚಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳ್ತೀನಿ. ತೆಳು. ವಾಸನೆ ಏನೋ ಒದ್ದೆ ರಟ್ಟಿನ ಥರ. ಕುಡಿದ ಮೇಲೆ ಗಂಟಲಲ್ಲಿ... ಏನಂದೆ? ಎರಡೂ ಒಂದೇ ಥರ ಇದೆಯಾ? ಅಕ್ಕ, ಬೆಳಗ್ಗೆಯಿಂದ ಒಲೆ ಮುಂದೆ ನಿಂತು ನಿನ್ನ ಮೂಗು ಸುಸ್ತಾಗಿದೆ. ನೀರು ಮುಕ್ಕಳಿಸಿ ಇನ್ನೊಂದು ಸಲ ಕುಡಿ.

...ಮತ್ತೂ ಒಂದೇನಾ?

ಹೇಗೆ ಒಂದಾಗುತ್ತೆ? ಒಟ್ಟಿಗೆ ಬಿಯರ್ ಮಾಡ್ತಿದ್ದ ನಾವು ಹೋದ ವರ್ಷ ಬೇರೆಯಾದಾಗ ಕುದಿಸೋ ದೊಡ್ಡ ಹಂಡೆ ನನಗೆ ಬಂತು, ಹುದುಗಿಸೋ ಟ್ಯಾಂಕ್‌ಗಳು ಅವನಿಗೆ ಹೋದವು. ಯೀಸ್ಟ್ ಒಂದನ್ನೇ ಸರಿಸಮ ಹಂಚಿಕೊಂಡದ್ದು, ಆಳಿಗೊಂದು ಜಾಡಿ. ಬೇರೆಯಾದದ್ದು ಯಾಕೆ ಅಂತ ನಿನಗೆ ಗೊತ್ತು. ಕೆಲಸದವರೆಲ್ಲ ನಿಂತಿದ್ದಾಗ, "ಅಣ್ಣ, ನಿನ್ನ ನಾಲಿಗೆ ಸತ್ತುಹೋಗಿದೆ" ಅಂದ. ಚಡ್ಡಿ ಹಾಕಿ ಬೆಳೆಸಿದವನು ನಾನು, ನನಗೇ ಹಾಗಂದ.

ಏನು, ಪರೀಕ್ಷೆನಾ? ನನಗೇನು ಭಯ? ಕಣ್ಣು ಮುಚ್ಚಿದೆ, ಕೊಡು. ...ಹೂಂ. ಪೇರ್ ಹಣ್ಣು. ಕಾಳುಮೆಣಸು. ಇದು ನಂದು, ಅನುಮಾನವೇ ಬೇಡ. ಇನ್ನೊಂದು ಕೊಡು. ...ಥೂ, ರಟ್ಟು. ಇದು ಅವಂದು. ಕಣ್ಣು ಬಿಡಲಾ?

ಅಕ್ಕ... ನಿನ್ನ ಕೈಯಲ್ಲಿ ಒಂದೇ ಗ್ಲಾಸ್ ಇದೆಯಲ್ಲ.

ಎರಡು ಸಲವೂ ಅದನ್ನೇ ಕೊಟ್ಟೆಯಾ? ಇದು ಮೋಸ. ಒಡಹುಟ್ಟಿದವನಿಗೆ ಹೀಗೆ ಮಾಡೋದಾ? ಹಾಗಲ್ಲ, ನಾನು ಹೇಳಿದ್ದು... ಗ್ಲಾಸ್ ಬೆಚ್ಚಗಾದರೆ ರುಚಿ ಬದಲಾಗುತ್ತೆ, ಅದು... ನಿಜವಾಗಲೂ ಬದಲಾಗುತ್ತೆ.

ಏನಾದರೂ ಮಾತಾಡು. ಬೈಯಿ ಬೇಕಾದರೆ. ಚಿಕ್ಕಂದಿನಿಂದಲೂ ನಿಂದು ಇದೇ. ಗದರಿಸಲ್ಲ, ಹೊಡೆಯಲ್ಲ, ಸುಮ್ಮನೆ ಕೂತು ನೋಡ್ತೀಯ. ನೋಡು, ನೋಡು. ನಾನೂ ನೋಡ್ತೀನಿ.

...ಸರಿ. ಎರಡೂ ಅವಂದೇ.

ನನ್ನ ಬಾಟ್ಲಿಗೆ ಅವನ ಬಿಯರ್ ತುಂಬಿಸಿ, ಮುಚ್ಚಳ ಒತ್ತಿ ತಂದೆ. ಇನ್ನೇನು ತರಲಿ? ನಂದು ಅಷ್ಟೂ ಹುಳಿ ಹಿಡಿದು ಕೂತಿದೆ. ನೊರೆ ಇಲ್ಲ, ಮಣ್ಣಿಲ್ಲ. ಯೀಸ್ಟ್ ಸತ್ತು ಎರಡು ತಿಂಗಳಾಯ್ತು. ಒಟ್ಟಿಗಿದ್ದಾಗ ಅದನ್ನು ದಿನಾ ನೋಡಿಕೋತಿದ್ದದ್ದು ಅವನು. ನಾನು ಹಂಡೆ ತಿರುವಿದೆ, ಗಿರಾಕಿಗಳ ಹತ್ತಿರ ಮಾತಾಡಿದೆ, ಅಷ್ಟೇ. ನಿನ್ನ ಹೋಟೆಲೂ ತಪ್ಪಿಹೋದರೆ ಊರಿಗೆಲ್ಲ ಗೊತ್ತಾಗುತ್ತೆ ಅಂತ...

ಇಲ್ಲ, ಒಂದೇ ಸಲ ತಂದದ್ದಲ್ಲ. ಅವನ ಬಾಟ್ಲಿ ವಾರಕ್ಕೊಂದು ತರಿಸ್ತೀನಿ, ಅವನಿಗೆ ಗೊತ್ತಾಗದ ಹಾಗೆ. ಹಿಂದಿನ ತಿಂಗಳದ್ದು ಸ್ವಲ್ಪ ಸಿಹಿಯಾಗಿತ್ತು, ಅವಸರ ಮಾಡಿದ್ದ. ಈ ಸಲದ್ದು... ನೀನೇ ಕುಡಿದೆಯಲ್ಲ. ನಾನು ಒಂದು ದಿನವೂ ಇಷ್ಟು ಚೆನ್ನಾಗಿ ಮಾಡಿಲ್ಲ ಅಕ್ಕ.

ಯಾಕೆ ಫೋನ್ ನನ್ನ ಕಡೆ ಹಿಡೀತಿದ್ದೀಯ? ನೀನೇ ಅವನನ್ನ ಕೇಳು, ಅಣ್ಣನಿಗೆ ಒಂದು ಜಾಡಿ ಯೀಸ್ಟ್ ಬೇಕಂತೆ ಅನ್ನು. ...ನಾನೇ ಕೇಳಬೇಕಾ? ಏನಂತ ಶುರು ಮಾಡಲಿ?

ಕೊಡು ಇತ್ತ. ನಂಬರ್ ಹುಡುಕಬೇಡ. ನನ್ನ ಫೋನಿಂದ ಅಳಿಸಿದ ದಿನವೇ ಬಾಯಿಪಾಠ ಆಗಿಹೋಯ್ತು.