ಟವರ್ ಕೋಣೆಯ ಖಾಲಿ ಡಬ್ಬಿ

ವರ್ಷಕ್ಕೆ ಎಂಬತ್ತು ಸಾವಿರ ಬಾಡಿಗೆ. ಮೂರನೇ ಗಿರಾಕಿ ಬೆಳಿಗ್ಗೆ ಟವರ್ ನೋಡಲು ಬರುವವನಿದ್ದ. ಒಪ್ಪಿದರೆ ಅಷ್ಟೂ ನಮ್ಮ ಚಿಕ್ಕಪ್ಪನ ಮಗನ ಜೇಬಿಗೆ. ಅವನನ್ನು ಎಲ್ಲರೂ ‘ತಂತಿ’ ಅಂತಲೇ ಕರೆಯೋದು.

ಅವನ ಟವರಿನ ಮೇಲೆ ಆಗಲೇ ಎರಡು ವೈರ್‌ಲೆಸ್ ಇದ್ದವು. ಒಂದು ಆಂಬುಲೆನ್ಸಿನದು, ಇನ್ನೊಂದು ಟ್ಯಾಕ್ಸಿಯವರದು. ಎರಡೂ ಒತ್ತಿಕೊಂಡು ಕೂತರೆ ಒಂದು ಮಾತಾಡುವಾಗ ಇನ್ನೊಂದು ಕಿವುಡು. ಹಾಗಾಗದಿರಲು ಆಂಟೆನಾಗಳನ್ನು ದೂರ ಕಟ್ಟಬೇಕು, ಲೈನಿಗೆ ಫಿಲ್ಟರ್ ಹಾಕಬೇಕು. ತಂತಿ ಹಾಕಿದ್ದ... ಬರೀ ಫಿಲ್ಟರಿನ ಖಾಲಿ ಡಬ್ಬಿ. ಕೇಬಲ್ಲನ್ನು ಅದರ ಹಿಂದಿನಿಂದ ನೇರ ಎಳೆದಿದ್ದ. ತಪಾಸಣೆಗೆ ಬಂದವರು ಡಬ್ಬಿಯ ಬಣ್ಣ ನೋಡಿ ಸಹಿ ಹಾಕಿ ಹೋದರು. ಥೂ, ಅವೂ ಕಣ್ಣುಗಳೇ!

ಹಿಂದಿನ ತಿಂಗಳು ಆಂಬುಲೆನ್ಸೊಂದು ಸೇತುವೆಯಿಂದ ದೊಡ್ಡ ಮೋರಿಗೆ ಉರುಳಿತ್ತು. ಡ್ರೈವರ್ ವೈರ್‌ಲೆಸ್ಸಿನಲ್ಲಿ ಕೂಗಿಯೇ ಕೂಗಿದ. ಆ ಹೊತ್ತಿಗೆ ಟ್ಯಾಕ್ಸಿಯವರು ಹರಟುತ್ತಿದ್ದರು. ಯಾರಿಗೂ ಕೇಳಿಸಲಿಲ್ಲ. ಬೆಳಿಗ್ಗೆ ಅವನ ಹೆಣ ಸಿಕ್ಕಿತು.

ಗಿರಾಕಿ ಬರಬೇಕಾದ ಹಿಂದಿನ ರಾತ್ರಿ ಹನ್ನೊಂದೂವರೆ. ತಂತಿ ಟವರಿನ ಹತ್ತಿರದ ಹಾಳುಬಾವಿ ದಾಟಿ ಮನೆ ಕಡೆ ಹೊರಟಿದ್ದ. ಟವರಿನ ಕಾವಲುಗಾರ ಓಡಿಬಂದು ತೋಳು ಹಿಡಿದ.

“ಸಾರ್... ಕೋಣೆ ಒಳಗೆ ಯಾರೋ ಇದಾರೆ.”

“ಎಷ್ಟು ಏರಿಸಿದೀಯಾ?”

“ಮಕ್ಕಳಾಣೆಗೂ ಇಲ್ಲ. ನೀವೇ ಬಂದು ಕೇಳಿ.”

ಇಬ್ಬರೂ ಟವರಿನ ಬುಡದ ಕೋಣೆಗೆ ಹೊಕ್ಕರು.

ಟಕ್... ಸುಯ್ಯ್... ಟಕ್.

ಆ ಡಬ್ಬಿಯೊಳಗಿಂದ. ವೈರಿಲ್ಲ, ಸ್ಪೀಕರಿಲ್ಲ, ಬರೀ ತಗಡು.

“ಸೇತುವೆ ಕೆಳಗಿದೀನಿ... ಕೇಳಿಸ್ತಿದೆಯಾ?... ನೀರು ಬಾಯಿಗೆ ಬರ್ತಿದೆ...”

ಗುಳ್... ಗುಳ್...

ತಂತಿ ಮುಚ್ಚಳ ಕಿತ್ತ. ಮೋರಿಯ ಗಬ್ಬು ಮೂಗಿಗೆ ರಾಚಿತು. ಬೆರಳಿಗೆಲ್ಲ ಲೋಳೆ... ಲೋಳೆಯಲ್ಲಿ ಕೂದಲು. ಡಬ್ಬಿಯೊಳಗೆ ಏನೂ ಇಲ್ಲ. ಹೊಸ್ತಿಲಲ್ಲೇ ಕಕ್ಕಿಕೊಂಡ.

“ಯಾರಿಗಾದ್ರೂ ಹೇಳೋಣ್ವಾ ಸಾರ್?”

“ಬಾಯ್ಮುಚ್ಚು. ನೀರು ತಗೊಂಡ್ಬಾ. ಬೆಳಗಾಗೋದ್ರೊಳಗೆ ನಾತ ಹೋಗ್ಬೇಕು.”

ನೋಡಿ, ಎಂಥ ಜನ್ಮ! ಸತ್ತವನ ದನಿ ಕೇಳಿಯೂ ಇವನಿಗೆ ಗಿರಾಕಿಯ ಮೂಗಿನ ಚಿಂತೆ.

ಬೆಳಕು ಹರಿಯುವ ಮೊದಲೇ ಆ ಜಾಗದಲ್ಲಿ ಇನ್ನೊಂದು ಖಾಲಿ ಡಬ್ಬಿ ಕೂತಿತ್ತು. ಗಿರಾಕಿ ಬಂದ, ನೋಡಿದ, ಒಪ್ಪಿದ. ಹಳೇದನ್ನು ತಂತಿ ಕಂಕುಳಲ್ಲಿ ಇರುಕಿಕೊಂಡು ನನ್ನ ಗುಜರಿ ಅಂಗಡಿಗೆ ತಂದ. ನೀವು ನಂಬಿ, ಬಿಡಿ... ತಕ್ಕಡಿ ನನ್ನದು. ಎರಡು ಕಿಲೋ ಇದ್ದೀತು ಅಂದುಕೊಂಡೆ. ಮುಳ್ಳು ಎಪ್ಪತ್ತೊಂದಕ್ಕೆ ಹೋಗಿ ನಿಂತಿತು. ಮೂರು ಸಲ ಇಳಿಸಿ ಏರಿಸಿದೆ. ಎಪ್ಪತ್ತೊಂದೇ. ಒಬ್ಬ ಆಳಿನ ತೂಕ.

“ತೂಕಕ್ಕೆ ತಕ್ಕ ಹಾಗೆ ಕೊಟ್ಬಿಡಣ್ಣ,” ಅಂದ ತಂತಿ, ಮುಖ ಆಚೆ ತಿರುಗಿಸಿ.

ಅವತ್ತು ಅವನಿಗೆ ದಕ್ಕಿದ್ದು ಇಷ್ಟು: ಎಂಬತ್ತು ಸಾವಿರ ಬಾಡಿಗೆ, ಅದರ ಮೇಲೆ ಎಪ್ಪತ್ತೊಂದು ಕಿಲೋ ತಗಡಿನ ದುಡ್ಡು. ಎಣಿಸಿಕೊಂಡೇ ಹೋದ.