ಬ್ಲಾಕಿನ ಮಗ್ಗಲ ಗೀರು

ಹೊಳಬಸಪ್ಪಣ್ಣಾ, ಇದನ್ನ ನನಗ ಮೊದಲ ಹೇಳಿದವರು ನಮ್ಮಪ್ಪ... ಮೆಕ್ಯಾನಿಕ್ ಅಂತ ನೀವೇನ ಕಲಿಸಬೇಕಾಗಿಲ್ಲ. "ನೇತ್ರಾ, ಬ್ಲಾಕ್ ಎಷ್ಟು ಸವದೈತಿ ಅಂತ ಕಣ್ಣಿಗೆ ಕೇಳಬ್ಯಾಡ, ರಿಂಗಿಗೆ ಕೇಳು" ಅಂತಿದ್ರು. ಹಾಂ, ಹಂಗ ನೋಡಬ್ಯಾಡ್ರಿ! ಜಮಖಂಡ್ಯಾಗ ಕಾಲೇಜ್ ಹುಡುಗರಿಗೆ ಫಿಜಿಕ್ಸ್ ಕಲಿಸಾಕಿಗೆ ಬುಲೆಟ್ ಎಂಜಿನ್ ತಿಳಿಯೂದಿಲ್ಲ ಅಂತ ತಿಳಕೊಂಡ್ರೇನು?

ನೇರ ಹೇಳ್ತೇನಿ. ಈ ಬ್ಲಾಕ್, ಪಿಸ್ಟನ್ ಓಡೂ ಈ ಸಿಲಿಂಡರ್, ನಮ್ದಲ್ಲ. ನೀವು ಬದಲಿ ಮಾಡೀರಿ.

ಯಾಕ ನಗಾಕತ್ತೀರಿ? ನಗೂ ಮಾತಲ್ಲಿದು! ಅಪ್ಪ ಈ ಗಾಡಿ ಮ್ಯಾಲ ರಬಕವಿ ಸೀರಿ ಗಂಟು ಹೇರಿಕೊಂಡು ನಲವತ್ತು ವರ್ಷ ಊರೂರು ತಿರಗ್ಯಾರ. ಬ್ಲಾಕಿನ ಒಳಗ ಒಂದು ಗೀರು ಇದ್ದಿಲ್ಲ, ಕನ್ನಡಿ ಹಂಗಿತ್ತು. ಈಗ ಬೆರಳಾಡಿಸಿದ್ರ ಉಗುರು ಸಿಗಬೀಳ್ತೈತಿ! ಅಪ್ಪ ತೀರಿಕೊಂಡ ಮ್ಯಾಲ, ನಿಮ್ಮಲ್ಲಿ ರಿಪೇರಿಗೆ ಬಿಡೂತನಕ, ಆ ಎಂಜಿನ್ನಿಗೆ ನಟ್ಟು ಬಿಚ್ಚೂ ಪಾನಾ ತಾಗಿಲ್ಲ. ಯಾರೂ ಮುಟ್ಟಿಲ್ಲ. ಯಾರೂ ಅಂದ್ರ ಯಾರೂ.

ಗಾಡಿ ಅಪ್ಪ ನನ್ನ ತಮ್ಮ ಕಲ್ಮೇಶಗ ಕೊಟ್ಟು ಹೋಗ್ಯಾರ. ನಾಳೆ ಒಯ್ಯಾಕ ಬರ್ತಾನ. ಅವಗ ಹೇಳೇಬಿಟ್ಟೇನಿ... ಲೋಕಾಪುರದ ಹೊಳಬಸಪ್ಪ ನಮ್ಮ ಬ್ಲಾಕ್ ನುಂಗ್ಯಾನ ಅಂತ. ಹೂಂ, ಹಂಗ ಅಂದೇನಿ. ಸಿಟ್ಟು ಬಂತೇನು? ಬರ್ಲಿ. ಅವನ ದೋಸ್ತರೆಲ್ಲ ನಿಮ್ಮಲ್ಲೇ ರಿಪೇರಿಗೆ ಗಾಡಿ ಬಿಡ್ತಿದ್ರಲ್ಲ, ಇನ್ನ ಯಾರೂ ಬಿಡೂದಿಲ್ಲ.

ಹಾಕ್ರಿ ಬ್ಲಾಕಿನೊಳಗ ಪಿಸ್ಟನ್ನಿನ ರಿಂಗು. ಪಿಸ್ಟನ್ನಿಲೆ ದೂಡಿ ಸಪಾಟ ಕೂಡಸ್ರಿ, ಸೊಟ್ಟ ಕುಂತ್ರ ಅಳತಿ ತಪ್ಪತೈತಿ. ರಿಂಗಿನ ಎರಡು ತುದಿ ನಡುವಿನ ಸಂದ್ಯಾಗ ಅಳತಿ ಗೇಜಿನ ತೆಳು ಪತ್ತಿ ತುರಕ್ರಿ... ಮ್ಯಾಲ ಎಷ್ಟು? ಇಂಚಿನ ಸಾವಿರ ಪಾಲಿನಾಗ ಹದಿನೆಂಟು. ಈಗ ಕೆಳಗ, ರಿಂಗ್ ಎಂದೂ ಓಡದ ಜಾಗಾದಾಗ. ಹನ್ನೆರಡು? ಸರೀರಿ ಅತ್ತಾಗ, ನಾನ ನೋಡ್ತೇನಿ...

ಹನ್ನೆರಡು. ಆರು ಫರಕು, ಸವದದ್ದರ ಗುರ್ತು ಇದ.

ಅಪ್ಪ ಈ ಎಂಜಿನ್ ಅಳತಿ ಬರದಿಟ್ಟ ಡೈರ್ಯಾಗೂ... ಆರ ಐತಿ. ಅಂದ್ರ ಬ್ಲಾಕ್ ನಮ್ದ... ಇರ್ಲಿ! ಹಂಗಾರ ಈ ಗೀರು? ಬಿಚ್ಚೂವಾಗ ನಿಮ್ಮ ಸ್ಕ್ರೂಡ್ರೈವರ್ ಜಾರಿರಬೇಕು. ತಿರುವಿ ಯಾಕ ತೋರಸ್ತೀರಿ? ಗೊತ್ತೈತ್ರಿ ನನಗ, ಪಿಸ್ಟನ್ ಒತ್ತೂದು ಮುಂದ-ಹಿಂದ, ಸವೆಯೂದೂ ಅಲ್ಲೇ. ಈ ಗೀರು ಮಗ್ಗಲದಾಗ ಐತಿ. ಪಿಸ್ಟನ್ನಿಗೆ ಅಡ್ಡ ಹಾಕೂ ಪಿನ್ನಿನ ತುದಿ ಬರೂ ಕಡೆ. ಮ್ಯಾಲಿಂದ ಕೆಳಗಿನ ತನಕ...

ಕೈ ಒರಸೂ ಅರಿವಿ ಮ್ಯಾಲ ಏನಿಟ್ರಿ ಅದು? ತಂತಿ ಲಾಕು. ಪಿನ್ ಹೊರಗ ಜಾರಬಾರದಂತ ಹಾಕೂದು. ಆ ಕಡೆ ಒಂದು, ಈ ಕಡೆ ಒಂದು, ಎರಡು ಇರ್ತಾವ. ಇನ್ನೊಂದೆಲ್ಲಿ?

ಒಂದ ಇತ್ತೇನು ಒಳಗ?

ಬೈರಿ ಬೇಕಾದ್ರ. ಆ ಲಾಕು ನನ್ನ ಅಂಗೈಯಾಗ ಇಡಬ್ಯಾಡ್ರಿ!

ಹಿತ್ತಲದಾಗ ಸಿಡದ್ ಹೋತ್ರಿ ಅದು. ಟಣ್ ಅಂತ! ಬದನಿ ಗಿಡದ ಬುಡದ ಮಣ್ಣೆಲ್ಲ ಜರಡಿ ಹಿಡದೆ, ಸಿಗಲಿಲ್ಲ. ಒಂದ ಸಾಕು ಅಂದುಕೊಂಡೆ. ಗಲಗಲಿ ತನಕ ಓಡಿತು... ಎಷ್ಟು ಛಲೋ ಓಡಿತಂತೀರಿ! ಆಮ್ಯಾಲ ಪಿನ್ ಹೊರಗ ಜಾರಿ, ಬ್ಲಾಕಿಗೆ ತಿಕ್ಕಿ ಕರಕರ ಅಂತು, ನಿಮ್ಮಲ್ಲಿ ತಂದೆ. ಅಪ್ಪ ನನಗ ಎಲ್ಲಾ ಬಾಯಿಲೆ ಕಲಿಸಿದ್ರಣ್ಣಾ. ಪಾನಾ ಮಾತ್ರ ಕಲ್ಮೇಶನ ಕೈಯಾಗ ಕೊಡ್ತಿದ್ರು. ಒಮ್ಮೆ, ಒಂದ ಸಲ, ನಾನ ಬಿಚ್ಚಿ ನಾನ ಕೂಡಸಬೇಕು ಅಂತ...

ತಗೋರಿ ಫೋನು, ಕಲ್ಮೇಶಗ ಹಚ್ಚೇನಿ. ನನ್ನ ಬಾಯಿಗೆ ಬಿಟ್ರ ಮತ್ತ ಯಾರ ಮ್ಯಾಲರ ತಪ್ಪು ಹಾಕ್ತೇನಿ. ನೀವ ಹೇಳ್ರಿ: ಬ್ಲಾಕ್ ನಿಮ್ಮಪ್ಪಂದ ಐತಿ, ಗೀರು ನಿಮ್ಮಕ್ಕಂದು. ಅವನ ದೋಸ್ತರಿಗೂ ಹೇಳಂತ ಹೇಳ್ರಿ.